ಮೂರನೇ ಖಣ

ಟ್ರಂಕಿನ ಬೀಗ ಒಡೆದಿತ್ತು.

ಶಾನವಾಜ ಅದನ್ನು ಕಂಡದ್ದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ. ಶಾಲೆಯ ವ್ಯಾನು ಬಿಟ್ಟು ಬಂದವನೇ ಓಣಿಯ ಹೋರಾಟ ಸಮಿತಿಯ ಐದಾರು ಜನರನ್ನು ಕರೆದುಕೊಂಡು, ಕಿಸೆಯಿಂದ ಬೀಗದ ಕೈ ತೆಗೆಯುತ್ತ ಮನೆಯೊಳಗೆ ಕಾಲಿಟ್ಟಿದ್ದ. ಬೀಗದ ಕೈಗೆ ಕೆಲಸವೇ ಉಳಿದಿರಲಿಲ್ಲ.

ಅದು ಅವನ ತಾಯಿ ನೂರಬಿಯ ಟ್ರಂಕು. ನಲವತ್ತು ವರ್ಷ ರಾಮದುರ್ಗದ ಹೆಂಗಸರಿಗೆ ಕುಪ್ಪಸ ಹೊಲಿದುಕೊಟ್ಟ ಕೈ ಅವಳದು. ಹೊಲಿಯಲು ಬಂದು ಹಾಗೇ ಉಳಿದ ಖಣಗಳೆಲ್ಲ—ಹಸಿರು, ಕೆಂಪು, ಜರಿ ಅಂಚಿನವು—ಈಗ ಚಾಪೆಯ ತುಂಬ ಹರಡಿ ಬಿದ್ದಿದ್ದವು. ಒಂದು ಹಸಿರು ಖಣ ಪೂರಾ ಬಿಚ್ಚಿಕೊಂಡಿತ್ತು. ಅದರಲ್ಲಿ ಏನೂ ಇರಲಿಲ್ಲ.

"ಕಾಗದ ಎಲ್ಲಿ?" ಎಂದ ಫಾರೂಕ್, ಗ್ಯಾರೇಜಿನ ಎಣ್ಣೆ ಕೈಯಲ್ಲೇ ಬಾಗಿಲ ಚೌಕಟ್ಟು ಹಿಡಿದು. "ಶಾನವಾಜ, ಕಾಗದ ಎಲ್ಲೈತೋ?"

ಕಾಗದ ಇರಲಿಲ್ಲ. ಮರುದಿನ ಹನ್ನೊಂದಕ್ಕೆ ಬೈಲಹೊಂಗಲದಲ್ಲಿ ವಿಚಾರಣೆ.

ಅವರ ಓಣಿಯ ಹೆಸರು ಪಾಗಾ, ಎಂದರೆ ಕುದುರೆ ಲಾಯ. ಸಂಸ್ಥಾನ ಇದ್ದ ಕಾಲದಲ್ಲಿ ಕುದುರೆಗಳು ನಿಂತ ಉದ್ದನೆಯ ಕಲ್ಲಿನ ಕಟ್ಟಡವನ್ನು, ಕುದುರೆಗಳೆಲ್ಲ ಹೋದ ಮೇಲೆ, ಅವುಗಳ ಮೈ ತಿಕ್ಕಿದವರಿಗೂ ಗಾಡಿ ಹೊಡೆದವರಿಗೂ ಹಂಚಿದ್ದರು. ಅದೇ ಪಾಗಾ ಓಣಿ. ಇಪ್ಪತ್ತೆರಡು ಮನೆ. ಈಗಲೂ ಅಲ್ಲಿರುವವರು ಬಹಳಷ್ಟು ಡ್ರೈವರುಗಳು, ಮೆಕ್ಯಾನಿಕ್‌ಗಳು. ಊರ ನಡುವೆ ಅಂಥ ಜಾಗ ಕಂಡು ಯಾರ ಬಾಯಲ್ಲಿ ನೀರೂರದೆ ಇದ್ದೀತು? ಎರಡು ವರ್ಷದ ಹಿಂದೆ ನೋಟೀಸು ಬಂತು: ಓಣಿ ಕೆಡವಿ ನಾಲ್ಕು ಮಹಡಿಯ ಮಾರುಕಟ್ಟೆ ಕಟ್ಟುತ್ತಾರೆ. ಓಣಿಯವರು ಅತಿಕ್ರಮಣ ಮಾಡಿಕೊಂಡವರಂತೆ.

ಅಲ್ಲ ಎಂದು ಹೇಳುವ ಕಾಗದ ಊರಿನಲ್ಲಿ ಒಂದೇ ಇತ್ತು. ಹಳೆಯ ಮರಾಠಿ ಬರವಣಿಗೆಯ ಮೋಡಿ ಲಿಪಿಯಲ್ಲಿ ಬರೆದ, ಸಂಸ್ಥಾನದ ಮೊಹರಿನ ಹಕ್ಕುಪತ್ರ, ಸನದು. ನೂರಬಿಯ ಗಂಡ ಖಾಸಿಮಸಾಬ ಬದುಕಿದ್ದಾಗ ಅದರದೊಂದು ಝೆರಾಕ್ಸ್ ಮಾಡಿಸಿಟ್ಟಿದ್ದ. ಝೆರಾಕ್ಸ್ ನಡೆಯುವುದಿಲ್ಲ, ಮೂಲಪ್ರತಿ ತನ್ನಿ ಎಂದು ವಿಚಾರಣೆ ನಡೆಸುವ ಸಾಹೇಬರು ಹೇಳಿ ಕಳಿಸಿದ್ದರು. ಮೂಲಪ್ರತಿ ಎಲ್ಲಿದೆ ಎಂದು ನೂರಬಿ ಹೇಳಿದ್ದು ಒಂದೇ ಸಲ, ಹದಿನೈದು ದಿನದ ಹಿಂದೆ, ತುಂಬಿದ ಸಭೆಯಲ್ಲಿ.

"ಮೂರನೇ ಖಣದಾಗ ಐತಿ. ವಿಚಾರಣಿ ಹಿಂದಿನ ದಿನದ ಮಟಾ ಯಾರೂ ಮುಟ್ಟಬ್ಯಾಡ್ರಿ."

ಅದಾಗಿ ಐದನೆಯ ದಿನ ಮುದುಕಿ ಹೊಲಿಗೆ ಮಷಿನ್ನಿನ ಮುಂದೆ ಕುಳಿತಲ್ಲೇ ಹೋಗಿಬಿಟ್ಟಳು. ತಾಯಿಯ ಮಾತು ಎಂದು ಶಾನವಾಜ ಟ್ರಂಕಿಗೆ ಬೀಗ ಜಡಿದು ಬೀಗದ ಕೈಯನ್ನು ಕಿಸೆಯಲ್ಲಿಟ್ಟುಕೊಂಡ. ಅವನ ನಿಷ್ಠೆಯೇನೋ ದೊಡ್ಡದು.

"ಸುನೀಲಂದ ಕೆಲಸ ಇದು!" ಫಾರೂಕ್ ಕೂಗಿದ. "ಆ ಸಭಾದಾಗ ಅಂವಾ ಕುಂತಿದ್ದ!"

ಸುನೀಲ ಆ ಮಾರುಕಟ್ಟೆ ಕಟ್ಟುವ ಬಿಲ್ಡರನ ಕಡೆಯವನು. ಓಣಿ ಬಿಟ್ಟರೆ ಸಿಗುವ ಹೊಸ ಮನೆಗಳ ಬಣ್ಣದ ಚಿತ್ರ ಹಿಡಿದು ಓಣಿಯಲ್ಲಿ ತಿಂಗಳಿಗೆರಡು ಸಲ ಸುತ್ತುತ್ತಿದ್ದ. ಹತ್ತು ನಿಮಿಷದಲ್ಲಿ ಅವನನ್ನು ಬಸ್‌ಸ್ಟ್ಯಾಂಡಿನಿಂದ ಎಳೆದು ತಂದು ಬೇವಿನ ಕಟ್ಟೆಯ ಮೇಲೆ ಕೂರಿಸಿದರು. ಅಂಗಿಯ ಗುಂಡಿ ಎರಡು ಕಿತ್ತುಹೋಗಿದ್ದವು.

"ಯಾರೂ ಕೈ ಮಾಡಬ್ಯಾಡ್ರಿ," ಎಂದ ಶಾನವಾಜ. "ನಾ ಬಾಯಾರನ್ನ ಕರಕೊಂಡ ಬರತೇನಿ."

ಪೊಲೀಸರಿಗೆ ಹೇಳಿದರೆ ಪಂಚನಾಮೆ ಮುಗಿಯುವುದರೊಳಗೆ ವಿಚಾರಣೆ ಮುಗಿದಿರುತ್ತಿತ್ತು.

ಬಾಯಾರು ಎಂದರೆ ಗಂಗೂಬಾಯಿ, ಎರಡು ಓಣಿ ಆಚೆ ಇದ್ದರು. ಪೌರೋಹಿತ್ಯದ ಮನೆತನ. ಅಪ್ಪನಿಂದ ಮೋಡಿ ಕಲಿತು, ಮೂವತ್ತು ವರ್ಷ ಸರಕಾರಿ ದಫ್ತರಖಾನೆಯ ದೂಳು ಕುಡಿದು ನಿವೃತ್ತರಾದವರು. ಕಳೆದುಹೋದ ಕಡತ ಯಾವ ಕಪಾಟಿನ ಹಿಂದೆ ಬಿದ್ದಿದೆ, ಯಾರು ಬೀಳಿಸಿದರು ಎಂದು ಕೂತಲ್ಲೇ ಹೇಳುತ್ತಾರೆಂದು ಅವರಿಗೆ ಹೆಸರು. ಸನದಿನ ಝೆರಾಕ್ಸನ್ನು ಕನ್ನಡಕ್ಕೆ ಮಾಡಿಕೊಟ್ಟವರೂ ಅವರೇ.

ಬಂದವರು ಮೊದಲು ಟ್ರಂಕಿನ ಮುಂದೆ ಕುಳಿತರು. ಖಣಗಳನ್ನು ಒಂದೊಂದಾಗಿ ಬಿಚ್ಚಿ ಬೆಳಕಿಗೆ ಹಿಡಿದರು. ಮೂಸಿದರು. ಮತ್ತೆ ಮಡಚಿದರು.

"ಬೀಗ ಕಡೀಕ ಯಾವಾಗ ನೋಡಿದ್ದಿ, ಶಾನವಾಜ?"

"ಮುಂಜಾನೆ ಏಳಕ್ರಿ. ಇದರ ಮ್ಯಾಲ ಕುಂತ ಬೂಟ ಹಾಕ್ಕೊಂಡೇನಿ. ಬೀಗ ಛಲೋ ಇತ್ತು."

"ಅಂದ್ರ ಏಳರಿಂದ ಹತ್ತರೊಳಗ. ಮನ್ಯಾಗ ಯಾರಿದ್ರು?"

"ಸಾಯಿರಾ ಒಬ್ಬಾಕಿ. ಮಕ್ಕಳು ಸಾಲಿಗೆ ಹೋಗಿದ್ದೂವು."

ಸಾಯಿರಾ ಶಾನವಾಜನ ಹೆಂಡತಿ. ಕಟಕೋಳದಲ್ಲಿ ಮನೆ ಕಟ್ಟುವ ಗೌಂಡಿಯ ಮಗಳು. ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಪಕ್ಕ ನಿಂತಳು. ಕೂರಲಿಲ್ಲ. ಗಂಡಸರು ಇರುವಲ್ಲಿ ಅವಳು ಕೂತದ್ದನ್ನು ಶಾನವಾಜ ಎಂದೂ ನೋಡಿರಲಿಲ್ಲ.

"ನೀ ಎಲ್ಲಿದ್ದೆವಾ?"

"ನೀರಿಗೆ ನಿಂತಿದ್ದೆನ್ರಿ ಬಾಯಾರ. ನಳ ಬರೂದು ನಾಕ ದಿನಕ್ಕೊಮ್ಮೆ. ಎಂಟಕ್ಕ ಹ್ವಾದಾಕಿ ಒಂಬತ್ತೂವರಿಗೆ ಬಂದೆ."

"ನಡಕ್ಕ ಮನೀಗೆ ಬರಲಿಲ್ಲ?"

"ಕೊಡ ಇಳಸಾಕ ಬರತಿದ್ದೆ. ಹೊರಗ ಬಾಗಲದಾಗ ಇಟ್ಟು ಹೋಗತಿದ್ದೆ."

"ಅಷ್ಟರೊಳಗ ಕಳ್ಳ ಬಂದು ಹುಡುಕಿ ಹ್ವಾದನ?"

"ಮೂರು ಖಣದ ಗೂಡು ಇದು, ಆರು ಮಂದಿ ಬಾಳೇವು ಮಾಡೀವಿ. ಹುಡುಕಾಕ ಎಷ್ಟೊತ್ತು ಬೇಕ್ರಿ?"

ಗಂಗೂಬಾಯಿ ತಲೆಯಾಡಿಸಿದರು. ಶಾನವಾಜನಿಗೆ ಹೆಂಡತಿಯ ಮಾತಿನ ಧಾಟಿ ಹಿಡಿಸಲಿಲ್ಲ. ಹೊರಗಿನವರ ಮುಂದೆ ಮನೆಯನ್ನು ಗೂಡು ಎನ್ನಬೇಕೇ?

"ಚಾ ಇಡ್ಲೇನ್ರಿ?" ಎಂದಳು ಸಾಯಿರಾ.

"ಬ್ಯಾಡವಾ."

ಎದುರಿಗೇ ಇಸ್ತ್ರಿ ಮೇಜು ಹಾಕಿಕೊಂಡಿದ್ದ ಮಡಿವಾಳೆಪ್ಪನನ್ನು ಕೇಳಿದರು. ಎಪ್ಪತ್ತರ ಮುದುಕ, ಸಮಿತಿಯ ಹಿರಿಯ, ಬೆಳಿಗ್ಗೆ ಆರರಿಂದ ಅಲ್ಲೇ ನಿಂತಿರುವವನು.

"ಯಾರರ ಒಳಗ ಹ್ವಾದ್ರೇನು, ಮಡಿವಾಳೆಪ್ಪಾ?"

"ಒಂದ ನೊಣ ಹೋಗಿಲ್ರೀ ಬಾಯಾರ."

"ಒಬ್ಬರೂ ಇಲ್ಲ?"

"ಇಲ್ರಿ. ಹೆಂಗಸರು ಕೊಡ ಹೊತ್ತು ಹೋಗತಿದ್ರು, ಬರತಿದ್ರು. ಅವರನ್ನ ಯಾರ ನೋಡ್ತಾರ್ರಿ?"

"ಖರೇ ಅದ," ಎಂದರು ಗಂಗೂಬಾಯಿ. "ಯಾರೂ ನೋಡಂಗಿಲ್ಲ."

ಕಟ್ಟೆಯ ಮೇಲೆ ಸುನೀಲ ಬೆವರುತ್ತಿದ್ದ. ಸುತ್ತ ಇಪ್ಪತ್ತು ಜನ. ಅವರಲ್ಲೊಬ್ಬನ ಕೈಯಲ್ಲಿ ಸ್ಪ್ಯಾನರು.

"ಮುಂಜಾನೆ ಎಲ್ಲಿದ್ದಿ?"

"ಮುನವಳ್ಳಿಗೆ ಹೋಗಿದ್ದೆನ್ರಿ, ಸೈಟ್ ತೋರಸಾಕ. ಆರೂವರಿ ಬಸ್ಸು. ಈಗ ಇಳದೆ, ಹಿಡದ ಎಳಕೊಂಡ ಬಂದ್ರು. ಟಿಕೀಟು ಐತಿ ನೋಡ್ರಿ." ಎರಡು ಟಿಕೀಟು ತೆಗೆದುಕೊಟ್ಟ. ಹೋದದ್ದು, ಬಂದದ್ದು.

ಗಂಗೂಬಾಯಿ ಅವನ್ನು ನೋಡಿ ವಾಪಸು ಕೊಟ್ಟರು. "ಈ ಓಣ್ಯಾಗ ಹೊಸ ಮನಿ ಚಿತ್ರ ಯಾರಿಗೆ ತೋರಿಸೀದಿ?"

"ಗಂಡಸರು ಹರದ ಒಗದ್ರು. ನಳದ ಹಂತೇಕ ಹೆಂಗಸರಿಗೆ ತೋರಿಸೇನಿ."

"ಏನಂತ ಹೇಳಿ?"

"ಎಲ್ಲಾರಿಗೂ ಮನಿ ಸಿಗತಾವಂತ..."

"ಎಲ್ಲಾರಿಗೂ?"

ಸುನೀಲ ಕತ್ತು ಕೆರೆದುಕೊಂಡ. "ಹಂಗ ಹೇಳಬೇಕಾಗತೈತ್ರಿ ಬಾಯಾರ."

ಗಂಗೂಬಾಯಿ ಶಾನವಾಜನ ಕಡೆ ತಿರುಗಿದರು. "ನೋಟೀಸಿನ ಫೈಲು ಕೊಡು."

ಅವನು ಕೊಟ್ಟ. ಕೊಡುವ ಮೊದಲು ಕಡೆಯ ಹಾಳೆಯನ್ನು ಮಡಚಿ ಫೈಲಿನ ಕಿಸೆಯೊಳಗೆ ತಳ್ಳಿದ. ಎರಡು ವರ್ಷದ ರೂಢಿ ಅದು, ಕೈ ತಾನಾಗಿಯೇ ಮಾಡುತ್ತಿತ್ತು. ಗಂಗೂಬಾಯಿ ಎರಡು ಹಾಳೆ ತಿರುವಿದರು. ಎರಡನೆಯದರ ಅಡಿಯಲ್ಲಿ ಬೆರಳಿಟ್ಟು ಒಂದು ಗಳಿಗೆ ನಿಂತರು. ಫೈಲು ಮುಚ್ಚಿದರು.

"ನಡೀ ಒಳಗ. ನೀನು, ಮಡಿವಾಳೆಪ್ಪ, ಇಬ್ಬರ ಸಾಕು."

ಒಳಗೆ ಬಂದು ಅವರು ಟ್ರಂಕಿನ ಕಡೆ ನೋಡಲಿಲ್ಲ. ಹೊರಗಿನ ಕೋಣೆ ದಾಟಿ, ನಡುವಿನ ಕೋಣೆ ದಾಟಿ, ಅಡುಗೆ ಮಾಡುವಲ್ಲಿಗೆ ಹೋಗಿ ನಿಂತರು. ಸಾಯಿರಾ ಒಲೆಯ ಮುಂದಿದ್ದಳು.

"ಶಾನವಾಜ, ಖಣ ಅಂದ್ರ ಏನು?"

"ಕುಪ್ಪಸದ ಅರಿವಿ. ಅದನ್ಯಾಕ ಕೇಳತೀರಿ?"

"ಮಡಿವಾಳೆಪ್ಪಾ?"

"ಅದ ರೀ. ಕುಪ್ಪಸದ ಖಣ."

"ತಪ್ಪು ನಿಮ್ಮದಷ್ಟ ಅಲ್ಲ, ನಂದೂ ಅದ." ಗಂಗೂಬಾಯಿ ಗೋಡೆಯಿಂದ ಹೊರಗೆ ಚಾಚಿದ ಕಲ್ಲಿನ ಕಂಬ ಮುಟ್ಟಿದರು. "ಸನದಿನ್ಯಾಗ 'ಪಾಗೆಯ ಅರವತ್ತಾರು ಖಣ' ಅಂತ ಬರದದ. ನಾ ಕನ್ನಡಕ್ಕ ಮಾಡೂ ಮುಂದ, ಮಂದಿಗೆ ತಿಳೀಲಿ ಅಂತ ಶಾಣ್ಯಾತನ ಮಾಡಿ 'ಕೋಣೆ' ಅಂತ ಬರದೆ. ಖಣ ಅಂದ್ರ ಎರಡ ಕಂಬದ ನಡುವಿನ ಜಾಗ. ಒಂದೊಂದು ಖಣಕ್ಕ ಒಂದೊಂದು ಕುದ್ರಿ. ಒಂದೊಂದು ಮನೀಗೆ ಮೂರು ಖಣ. ನೂರಬಿ ಈ ಪಾಗಾದಾಗ ಹುಟ್ಟಿದಾಕಿ, ಆಕೀಗೆ ಆ ಮಾತು ಗೊತ್ತಿತ್ತು. ನೀವೆಲ್ಲಾ ಕುಪ್ಪಸ ಅಂತ ತಿಳಕೊಂಡ್ರಿ."

ಶಾನವಾಜ ಸುತ್ತ ನೋಡಿದ. ಮೊದಲ ಖಣ, ಎರಡನೆಯದು. ಮೂರನೆಯದರಲ್ಲಿ ತಾನು ನಿಂತಿದ್ದ.

"ಕಾಗದ ಟ್ರಂಕಿನ್ಯಾಗ ಯಾವತ್ತೂ ಇದ್ದಿದ್ದಿಲ್ಲ," ಎಂದರು ಗಂಗೂಬಾಯಿ. "ತೊಂಬತ್ತು ವರ್ಷದ ಕಾಗದ ಅರಿವ್ಯಾಗ ಇಟ್ಟರ ಕಂದು ಕಲಿ ಬೀಳತದ, ವಾಸನಿ ಹಿಡೀತದ. ಒಂದು ಖಣದ ಮ್ಯಾಲೂ ಕಲಿ ಇಲ್ಲ. ಹಂಗಾರ ಬೀಗ ಯಾಕ ಒಡದ್ರು? ಹೊರಗಿನವರು ಬಂದಿದ್ರು ಅಂತ ನೀವು ತಿಳಕೊಳ್ಳಲಿ ಅಂತ. ಖಣ ಎಲ್ಲೆ ಬಿದ್ದಿದ್ದುವು?"

"ಚಾಪಿ ಮ್ಯಾಲ್ರಿ," ಎಂದ ಮಡಿವಾಳೆಪ್ಪ.

"ಕಳ್ಳ ಚಾಪಿ ಹಾಸಿ ಕದೀತಾನೇನು? ಕೊಡದ ನೀರ ತುಳುಕಿ ನೆಲಾ ಹಸಿ ಇತ್ತು. ಮಂದಿ ಅರಿವಿ, ಅತ್ತಿ ಕೈಯಾನ ಅರಿವಿ, ಹಸೀ ನೆಲದ ಮ್ಯಾಲ ಒಗೀಲಿಕ್ಕೆ ಒಬ್ಬರಿಗೆ ಮನಸ್ಸು ಬರಲಿಲ್ಲ."

ಗಂಗೂಬಾಯಿ ಕೈ ಮೇಲೆತ್ತಿ ಹಿಟ್ಟಿನ ಡಬ್ಬಿ ಸರಿಸಿದರು. ಹಿಂದೆ ಗೋಡೆಯಲ್ಲೊಂದು ಗೂಡು. ಆ ಕಾಲದಲ್ಲಿ ಕುದುರೆಯವರು ಲಾಟೀನು ಇಡುತ್ತಿದ್ದದ್ದು. ಒಳಗಿನ ದೂಳಿನಲ್ಲಿ ಕಾಗದ ಸುತ್ತಿಡುವ ಉದ್ದನೆಯ ಕೊಳವೆಯೊಂದು ಬಹಳ ದಿನ ಮಲಗಿದ್ದ ಗುರುತು ನಿಚ್ಚಳವಾಗಿತ್ತು.

"ಇವತ್ತ ಮುಂಜಾನೆ ಎಲ್ಲಾರೂ 'ಖಣ ಖಣ' ಅಂದ್ರಿ. ಒಬ್ಬಾಕಿ ಮಾತ್ರ 'ಮೂರು ಖಣದ ಗೂಡು' ಅಂದ್ಲು. ನೀವು ಕೇಳಿದ್ರಿ, ಆದ್ರ ಕಿವಿ ಮ್ಯಾಲ ಹಾಕ್ಕೊಳ್ಳಲಿಲ್ಲ. ಗೌಂಡಿ ಮಗಳು. ಮನಿ ಅಂದ್ರ ಖಣದ ಲೆಕ್ಕದಾಗ ಕೇಳಿ ಬೆಳದಾಕಿ. ನಿಮ್ಮ ಸಭಾದಾಗ ಅತ್ತಿ ಮಾತು ತಿಳಿದದ್ದು ಆಕೀಗೊಬ್ಬಾಕೀಗೆ, ಚಾ ಕೊಡಾಕ ಬಂದಾಕೀಗೆ."

ಒಲೆಯಲ್ಲಿ ಕಟ್ಟಿಗೆ ಸಿಡಿಯಿತು.

"ಸಾಯಿರಾ?" ಶಾನವಾಜ ಹೆಂಡತಿಯ ಕಡೆ ತಿರುಗಿದ. "ಕಾಗದ ಎಲ್ಲಿ?"

"ಒಲಿಯಾಗ," ಎಂದಳು ಸಾಯಿರಾ. "ನೀವು ವ್ಯಾನ ತಗೊಂಡ ಹೋದಕೂಡಲೆ."

ಅವನು ಗೋಡೆಗೆ ಆನಿಕೊಂಡ. ಎರಡು ವರ್ಷದ ಓಡಾಟ, ಅರ್ಜಿ, ಧರಣಿ, ಬಿಸಿಲಲ್ಲಿ ನಿಂತದ್ದು, ಎಲ್ಲ ಒಂದು ಒಲೆಯೊಳಗೆ. ಬೈಯಬೇಕೆಂದು ಬಾಯಿ ತೆರೆದ. ಬಂದದ್ದು ಒಂದೇ ಮಾತು.

"ಯಾಕ?"

"ಯಾಕಂತ ಈಗ ಕೇಳತೀರಿ? ಎರಡ ವರ್ಷದಾಗ ನಲವತ್ತೊಂದು ಸಭಾ ಮಾಡೀರಿ. ನಲವತ್ತೊಂದಕ್ಕೂ ಚಾ ನಾ ಕಾಸೇನಿ. ಒಂದ ದಿನಾ 'ಸಾಯಿರಾ, ನಿನಗೇನ ಬೇಕು' ಅಂದಿರಿ?" ಅವಳು ಒಲೆಯ ಮುಂದಿನಿಂದ ಎದ್ದು ನಿಂತಳು. "ಓಣಿ ನಮ್ಮ ಇಜ್ಜತ್ತು ಅಂತ ಬ್ಯಾನರ ಕಟ್ಟೀರಿ. ಇಪ್ಪತ್ತೆರಡು ಮನೀಗೆ ನಾಕ ಪಾಯಖಾನೆ, ಅವೂ ನಿಮ್ಮ ಕಟ್ಟಿ ಎದರಿಗೆ. ನೀವೆಲ್ಲಾ ಕುಂತ ಭಾಷಣಾ ಮಾಡೂ ಮುಂದ ನಾವು ಚರಿಗಿ ಹಿಡಕೊಂಡು ಹ್ಯಾಂಗ ದಾಟಬೇಕು? ದೊಡ್ಡ ಮಗಳು ಸಂಜಿ ಆಗೂ ಮಟಾ ನೀರ ಕುಡಿಯಂಗಿಲ್ಲ, ಗೊತ್ತೈತೇನ ನಿಮಗ? ಇದು ಕುದ್ರಿ ಕಟ್ಟೂ ಜಾಗಾರಿ. ಕುದ್ರಿ ಹೋದ್ವು, ನಮ್ಮನ್ನ ಕಟ್ಟಿದ್ರಿ. ಸುನೀಲ ಚಿತ್ರ ತೋರಿಸಿದ. ಒಳಗ ನಳ, ಒಳಗ ಬಚ್ಚಲಾ. ಕಾಗದ ಹ್ವಾದ್ರ ನೀವು ಸೋಲತೀರಿ, ನಮಗ ಆ ಮನಿ ಸಿಗತೈತಿ. ಅಷ್ಟ ಲೆಕ್ಕ ನಂದು."

ಗಂಗೂಬಾಯಿ ಕಣ್ಣು ಮುಚ್ಚಿ ತೆರೆದರು. ಆಮೇಲೆ ಶಾನವಾಜನ ಕಡೆ ಕೈ ಚಾಚಿದರು.

"ಮೂರನೇ ಹಾಳಿ ಕೊಡು."

"ಯಾವ ಹಾಳಿ?"

"ಎರಡನೇದರ ಕೆಳಗ 'ಪುಟ ಮೂರರಲ್ಲಿ ಎರಡು' ಅಂತ ಅಚ್ಚಾಗ್ಯದ. ಸಮಿತಿಗೆ ನೀ ಕೊಟ್ಟಿದ್ದು ಎರಡ ಹಾಳಿ. ಫೈಲಿನ ಕಿಸೆದಾಗ ಏನು ತುರುಕೀದಿ, ಅದನ್ನ ಕೊಡು."

ಕೊಡದೆ ಗತ್ಯಂತರವಿರಲಿಲ್ಲ. ಮಡಿಕೆಗಳಲ್ಲಿ ಸವೆದ ಹಾಳೆ. ಗಂಗೂಬಾಯಿ ಅದನ್ನು ಸಾಯಿರಾಳಿಗೆ ಕೊಟ್ಟರು.

"ಹತ್ತನೇತ್ತೆ ಪಾಸಾದಾಕಿ ನೀ. ಓದವಾ."

ಸಾಯಿರಾ ಓದಿದಳು. ಎಲ್ಲೂ ತಡವರಿಸದೆ ಓದಿದಳು. "'ಹಕ್ಕಿನ ಮೂಲ ದಾಖಲೆಯನ್ನು ವಿಚಾರಣೆಯಲ್ಲಿ ಹಾಜರುಪಡಿಸುವ ನಿವಾಸಿಗಳಿಗೆ ಮಾತ್ರ ಪರ್ಯಾಯ ಮನೆ ನೀಡಲಾಗುವುದು. ಇತರರನ್ನು ಅತಿಕ್ರಮಣದಾರರೆಂದು ಪರಿಗಣಿಸಿ...'"

ಅಲ್ಲಿಗೆ ನಿಂತಳು. ಹಾಳೆ ಕೈಯಲ್ಲೇ ಇತ್ತು. ಕಣ್ಣು ಮಾತ್ರ ಒಲೆಯ ಕಡೆ ಹೋಯಿತು.

"ಕಾಗದ ಇದ್ದಿದ್ರ," ಎಂದಳು ಮೆಲ್ಲಗೆ, "ಓಣಿನರ ಉಳೀತಿತ್ತು. ಇಲ್ಲಾ ಮನಿನರ ಸಿಗತಿತ್ತು."

"ಹೌದವಾ," ಎಂದರು ಗಂಗೂಬಾಯಿ.

"ಯಾಕ ಮುಚ್ಚಿಟ್ಟಿ, ಶಾನವಾಜ?" ಕೇಳಿದ್ದು ಮಡಿವಾಳೆಪ್ಪ. ಅವನಿಗೂ ಆ ಹಾಳೆಯ ಸುದ್ದಿ ಗೊತ್ತಿರಲಿಲ್ಲ.

"ಹೇಳಿದ್ರ ಅರ್ಧಾ ಮಂದಿ ಹೊಸ ಮನಿ ಸಾಕು ಅಂತಿದ್ರು, ಕಾಕಾ. ಹೋರಾಟ ಮುರೀತಿತ್ತು." ಶಾನವಾಜ ನೆಲ ನೋಡುತ್ತ ಹೇಳಿದ. ಎರಡು ವರ್ಷ ಈ ಮಾತು ಅವನಿಗೆ ಬುದ್ಧಿವಂತಿಕೆ ಅನ್ನಿಸಿತ್ತು. ಈಗ ಬಾಯಿಂದ ಹೊರಬಿದ್ದಾಗ ಅವನಿಗೇ ಅಸಹ್ಯವಾಯಿತು.

"ಈ ಮನ್ಯಾಗ ಕಳುವು ಎರಡ ಆಗ್ಯಾವ," ಎಂದರು ಗಂಗೂಬಾಯಿ, ಚಪ್ಪಲಿ ಮೆಟ್ಟುತ್ತ. "ಎರಡನೇದು ಈಕಿ ಮಾಡ್ಯಾಳ, ಇವತ್ತ ಮುಂಜಾನೆ. ಮೊದಲನೇದು ನೀ ಮಾಡೀದಿ, ಎರಡ ವರ್ಷದ ಹಿಂದ. ಅದು ಆಗದಿದ್ರ ಇದು ಆಗತಿದ್ದಿಲ್ಲ. ಹೊರಗ ಆ ಸುನೀಲ ಕುಂತಾನ. ಹೋಗಿ ಯಾರ ಹೆಸರ ಹೇಳ್ತಿ, ನೀನ ವಿಚಾರ ಮಾಡು."

ಶಾನವಾಜ ಹೊರಗೆ ಬಂದ. ಬೇವಿನ ಕೆಳಗೆ ಜನ ದುಪ್ಪಟ್ಟಾಗಿದ್ದರು. ಸುನೀಲನ ತುಟಿಯಿಂದ ರಕ್ತ ಬರುತ್ತಿತ್ತು. ನಳದ ಕಡೆಯಿಂದ ಹೆಂಗಸರೂ ಬಂದು ದೂರದಲ್ಲಿ ನಿಂತಿದ್ದರು.

"ಯಾರಂತ?" ಫಾರೂಕ್ ಕೇಳಿದ. "ಹೇಳಲಾ!"

ಗೊತ್ತಾಗಲಿಲ್ಲ ಎಂದರೆ ಹೆಂಡತಿ ಉಳಿಯುತ್ತಾಳೆ. ತಾನೂ ಉಳಿಯುತ್ತೇನೆ. ಸುನೀಲನಿಗೆ ನಾಲ್ಕು ಏಟು ಬೀಳುತ್ತವೆ, ಅವನೇನು ಸಾಚಾನೇ? ಹಾಗೆ ಅವನು ಲೆಕ್ಕ ಹಾಕುತ್ತಿದ್ದಾಗಲೇ ಯಾರೋ ಅವನ ಪಕ್ಕದಿಂದ ಹಾದುಹೋದರು.

ಸಾಯಿರಾ. ನೇರ ಕಟ್ಟೆಗೆ ಹೋಗಿ, ಅಧ್ಯಕ್ಷನೆಂದು ಶಾನವಾಜ ಕೂರುತ್ತಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿ ಎಳೆದು ಕುಳಿತಳು.

"ಅಂವನ್ನ ಬಿಡ್ರಿ. ಕಾಗದ ನಾ ಸುಟ್ಟೇನಿ."

ಗದ್ದಲ ಎದ್ದಿತು. ಬೈಗಳು ಬಿದ್ದವು. ಅವಳು ಕದಲಲಿಲ್ಲ. ಗದ್ದಲ ತಗ್ಗಿದಾಗ ಮಡಿವಾಳೆಪ್ಪನ ಹೆಂಡತಿ ಬೀರವ್ವ ಕೊಡ ಕೆಳಗಿಟ್ಟು ಮುಂದೆ ಬಂದಳು. "ಯಾಕವಾ? ನಮ್ಮ ಮನಿಗೋಳದ್ದೂ ಅದರಾಗ ಇತ್ತಲ್ಲ!"

"ನಂದ ತಪ್ಪೈತಿ, ಬೀರವ್ವಾಯಿ. ನನಗೇನ ಮಾಡತೀರಿ, ಮಾಡ್ರಿ. ಅದಕ್ಕಿಂತ ಮೊದಲ ಇದನ್ನ ಓದತೇನಿ, ಕೇಳ್ರಿ." ಸಾಯಿರಾ ಮಡಿಕೆ ಬಿಡಿಸಿದಳು. ಒಂದು ಸಲ ಓದಿದಳು. ಮುದುಕಿಯರಿಗೆ ತಿಳಿಯಲಿ ಎಂದು ಇನ್ನೊಂದು ಸಲ ಬಿಡಿಸಿ ಹೇಳಿದಳು.

ಹೆಂಗಸರ ಕಣ್ಣುಗಳು ಅವಳ ಮೇಲಿಂದ ಸರಿದು ಗಂಡಸರ ಮೇಲೆ ಬಂದವು. ಫಾರೂಕ್ ಶಾನವಾಜನನ್ನು ನೋಡಿದ. ಶಾನವಾಜ ಬೇವಿನ ಬೊಡ್ಡೆ ನೋಡಿದ.

"ಇದು ನಿಮಗ ಗೊತ್ತಿತ್ತೇನ್ರಿ?" ಬೀರವ್ವ ಗಂಡನನ್ನು ಕೇಳಿದಳು.

"ಇಲ್ಲ," ಎಂದ ಮಡಿವಾಳೆಪ್ಪ.

"ಗೊತ್ತಿದ್ರ ನಮಗ ಹೇಳತಿದ್ರೇನು?"

ಮಡಿವಾಳೆಪ್ಪ ತನ್ನ ಇಸ್ತ್ರಿ ಮೇಜಿನ ಕಡೆ ನಡೆದ.

ಮರುದಿನ ಬೈಲಹೊಂಗಲದಲ್ಲಿ ವಿಚಾರಣೆ ಐದು ನಿಮಿಷಕ್ಕೆ ಮುಗಿಯಿತು. ಮೂಲಪ್ರತಿ ಇದೆಯೇ? ಇಲ್ಲ. ಸರಿ, ಹೋಗಿ. ಮೂರು ತಿಂಗಳೊಳಗೆ ಇಪ್ಪತ್ತೆರಡು ಮನೆ ಖಾಲಿ ಮಾಡಬೇಕು, ಯಾರಿಗೂ ಏನೂ ಇಲ್ಲ. ಶಾನವಾಜನೇ ವ್ಯಾನು ಹೊಡೆದುಕೊಂಡು ಎಲ್ಲರನ್ನೂ ವಾಪಸು ಕರೆತಂದ.

ಸಂಜೆ ಸಮಿತಿ ಬೇವಿನ ಕಟ್ಟೆಯ ಮೇಲೆ ಸೇರಿತು. ನಲವತ್ತೆರಡನೆಯ ಸಭೆ. ಮೇಲಿನ ಕೋರ್ಟಿಗೆ ಹೋಗೋಣವೆಂದು ಒಬ್ಬ, ಬೇಡವೆಂದು ಇನ್ನೊಬ್ಬ. ಮಾತು ಎಲ್ಲೂ ನಿಲ್ಲದೆ ಸುತ್ತತೊಡಗಿತು. ನಡುವೆ ಒಂದೆರಡು ಸಲ ಎಲ್ಲರೂ ಅಭ್ಯಾಸಬಲದಿಂದ ಶಾನವಾಜನ ಮನೆಯ ಬಾಗಿಲ ಕಡೆ ನೋಡಿದರು.

ಒಳಗೆ ಬೀರವ್ವ, ಸಾಯಿರಾ, ಇನ್ನೂ ಏಳೆಂಟು ಹೆಂಗಸರು ಮೂರನೇ ಖಣದಲ್ಲಿ ಕೂತು ಏನೋ ಮಾತಾಡುತ್ತಿದ್ದರು. ಏನೆಂದು ಹೊರಗೆ ಕೇಳಿಸುತ್ತಿರಲಿಲ್ಲ.

ಚಹಾ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳುವ ಧೈರ್ಯ ಯಾರೂ ಮಾಡಲಿಲ್ಲ.